ಆರ್ಮಡಿಲೊದಲ್ಲಿ ಒಂದು ರಾತ್ರಿ

ಕಂಟ್ರಿ ರಾಕ್ ಅನ್ನು ಇಯರ್‌ಫೋನ್‌ನಲ್ಲಿ ಕೇಳಿದ್ರೆ ಸಿಗೋದು ಅರ್ಧ ಮಾತ್ರ. ಉಳಿದರ್ಧಕ್ಕೆ 1970ರ ದಶಕದ ಟೆಕ್ಸಾಸ್‌ಗೆ, ಆಸ್ಟಿನ್ ನಗರಕ್ಕೆ ಹೋಗೋಣ ಬನ್ನಿ.

ಇದು ಅಲ್ಲಿನ ಸಂಗೀತ ಸಭಾಂಗಣ, ಆರ್ಮಡಿಲೊ ವರ್ಲ್ಡ್ ಹೆಡ್‌ಕ್ವಾರ್ಟರ್ಸ್. ನ್ಯಾಷನಲ್ ಗಾರ್ಡ್‌ನ ಹಳೇ ಕಟ್ಟಡ. ಕೂರೋಕೆ ನೆಲದ ಮೇಲೆ ಕಾರ್ಪೆಟ್ ತುಂಡುಗಳು, ತಿನ್ನೋಕೆ ನಾಚೋಸ್, ಜೊತೆಗೆ ಬಿಯರ್. 1972ರ ಆಗಸ್ಟ್‌ನಲ್ಲಿ ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್ ಇಲ್ಲಿ ಮೊದಲ ಸಲ ಹಾಡಿದಾಗ, ಉದ್ದ ಕೂದಲಿನ ಹಿಪ್ಪಿಗಳೂ ಟೋಪಿ ತೊಟ್ಟ ಕೌಬಾಯ್‌ಗಳೂ ಒಂದೇ ಸೂರಿನಡಿ ಸೇರಿದ್ರು. ಹೊರಗೆ ಒಬ್ಬರನ್ನೊಬ್ಬರು ದೂರ ಇಡ್ತಿದ್ದ ಜನ!

ಈಗ ವೇದಿಕೆ ನೋಡಿ. ಡ್ರಮ್ಸ್, ಎಲೆಕ್ಟ್ರಿಕ್ ಗಿಟಾರ್ ರಾಕ್‌ನವು. ಪಕ್ಕದಲ್ಲಿ ಒಬ್ಬರು ಮೇಜಿನಂಥ ವಾದ್ಯದ ಮುಂದೆ ಕೂತಿದ್ದಾರಲ್ಲ, ಅದು ಪೆಡಲ್ ಸ್ಟೀಲ್, ಕಂಟ್ರಿ ಸಂಗೀತದ್ದು. ನನ್ನ ಕಣ್ಣು ಅಲ್ಲೇ ನಿಲ್ಲುತ್ತೆ. ಎಡಗೈಯ ಉಕ್ಕಿನ ತುಂಡು ತಂತಿ ಮೇಲೆ ಜಾರುತ್ತೆ. ಬಲಗೈ ಮೀಟುತ್ತೆ. ಪಾದ ಪೆಡಲ್ ಒತ್ತುತ್ತೆ, ಮೊಣಕಾಲು ಲಿವರ್ ತಳ್ಳುತ್ತೆ. ತಂತಿಯ ಬಿಗಿ ಬದಲಾಗಿ, ಒಂದು ಸ್ವರ ಇನ್ನೊಂದಕ್ಕೆ ಮೀಂಡ್‌ನ ಹಾಗೆ ಹರಿಯುತ್ತೆ. ಆ ಅಳು, ಆ ಬಿಕ್ಕು, ಎಲ್ಲ ಕೈಕಾಲುಗಳ ಕೆಲಸ.

1980ರ ಡಿಸೆಂಬರ್ 31ರ ರಾತ್ರಿ ಇಲ್ಲಿ ಕೊನೆಯ ಕಾರ್ಯಕ್ರಮ. ಆಮೇಲೆ ಕಟ್ಟಡ ಕೆಡವಿದ್ರು. ಆದರೆ ಕಮಾಂಡರ್ ಕೋಡಿ ಬ್ಯಾಂಡ್ 1973ರಲ್ಲಿ ಇಲ್ಲೇ ರೆಕಾರ್ಡ್ ಮಾಡಿದ ಲೈವ್ ಆಲ್ಬಮ್ ಇದೆ. ಇವತ್ತೇ ಹಾಕಿ, ಸ್ಟೀಲ್ ಎಲ್ಲೆಲ್ಲಿ ಬರುತ್ತೆ ಹುಡುಕಿ, ಸ್ವಲ್ಪ ಜೋರಾಗಿಯೇ ಕೇಳಿ.