ಮೂಗಿನ ಮೇಲಿನ ಕರಿಚುಕ್ಕೆ

ಬೆಂಗಳೂರಿನಿಂದ ತುಮಕೂರಿನ ರಸ್ತೆ ಹಿಡಿದು ಹೊರಟರೆ ಪೀಣ್ಯದ ಕಾರ್ಖಾನೆಗಳನ್ನೂ ಮಾದಾವರವನ್ನೂ ದಾಟಿದ ಮೇಲೆ ಮಾಕಳಿ ಸಿಗುತ್ತದೆ. ಮನೆಮನೆಯ ಬಚ್ಚಲಿನಲ್ಲಿ ಕಾಣುವ ಬೇವಿನ ಫೇಸ್‌ವಾಷ್‌ನಿಂದ ಹೆಸರಾದ ಹಿಮಾಲಯ ಕಂಪೆನಿಯು ನೆಲೆಸಿರುವುದು ಈ ಊರಿನಲ್ಲಿಯೇ. ಇತ್ತ ಪೀಣ್ಯದಲ್ಲಿ ಲೇತು, ಮಿಲ್ಲಿಂಗ್ ಯಂತ್ರಗಳ ಮುಂದೆ ನಿಂತ ತರುಣರ ಮೈಮೇಲೆ ದಿನವಿಡೀ ಎಣ್ಣೆಯ ತುಂತುರು ಬೀಳುತ್ತಿರುತ್ತದೆ. ಮುಖಕ್ಕೆ ಅಂಟುವ ಎಣ್ಣೆಯೂ ಅದನ್ನು ತೊಳೆಯುವ ಸಾಧನವೂ ಒಂದೇ ರಸ್ತೆಯ ಮೇಲಿರುವುದು ಸೋಜಿಗವೇ ಸರಿ. ಇವೆರಡರ ನಡುವೆ ಸಿಕ್ಕಿಕೊಂಡಿರುವ ಒಂದು ಸಣ್ಣ ವಸ್ತುವಿನ ವಿಚಾರವನ್ನು ನಾವು ಇಂದು ಹೇಳಬೇಕೆಂದಿದ್ದೇವೆ. ಮೂಗಿನ ಮೇಲೆ, ಗಲ್ಲದ ಮೇಲೆ, ಹಣೆಯ ಮೇಲೆ ಸಾಸಿವೆಗಿಂತಲೂ ಕಿರಿದಾಗಿ ಕಾಣುವ ಈ ಕರಿಚುಕ್ಕೆಗೆ ವಿದ್ಯಾರ್ಥಿಗಳೆಲ್ಲರೂ ‘ಬ್ಲ್ಯಾಕ್‌ಹೆಡ್’ ಎನ್ನುತ್ತಾರೆ. ನಾವು ಕರಿಮೊಡವೆ ಎನ್ನೋಣ.

ಅಂಗೈ ಅಂಗಾಲುಗಳನ್ನು ಬಿಟ್ಟರೆ ನಮ್ಮ ಚರ್ಮದಲ್ಲಿ ಬಹುಮಟ್ಟಿಗೆ ಎಲ್ಲೆಡೆಯೂ ರೋಮಕೂಪಗಳಿವೆ. ಕೂದಲು ಹುಟ್ಟುವ ಈ ಸಣ್ಣ ಬಾವಿಗಳ ಪಕ್ಕದಲ್ಲಿ ಮೇದೋಗ್ರಂಥಿಯೆಂಬ ಎಣ್ಣೆಯ ಚೀಲವಿದ್ದು, ಅದರಿಂದ ಒಸರುವ ಜಿಡ್ಡು ರೋಮಕೂಪದ ಬಾಯಿಯ ಮೂಲಕ ಹೊರಬಂದು ಚರ್ಮವನ್ನು ಮೃದುವಾಗಿಡುತ್ತದೆ. ಹದಿಹರೆಯದಲ್ಲಿ ಆಂಡ್ರೋಜೆನ್ ಎಂಬ ಹಾರ್ಮೋನುಗಳ ಪ್ರೇರಣೆಯಿಂದ ಗ್ರಂಥಿಗಳು ಹಿಗ್ಗುತ್ತವೆ, ಜಿಡ್ಡು ಹೆಚ್ಚುತ್ತದೆ. ಅದೇ ಸಮಯದಲ್ಲಿ ರೋಮಕೂಪದ ಒಳಗೋಡೆಯಿಂದ ಉದುರುವ ಸತ್ತ ಜೀವಕೋಶಗಳು ಹೊರಗೆ ಬೀಳದೆ ಒಂದಕ್ಕೊಂದು ಅಂಟಿಕೊಂಡರೆ, ಜಿಡ್ಡೂ ಕೋಶಗಳೂ ಸೇರಿ ಬಿರಡೆಯಂತೆ ಗಟ್ಟಿಯಾಗುತ್ತವೆ. ಬಾವಿಯ ಬಾಯಿ ಮುಚ್ಚಿದ್ದರೆ ಅದು ಬಿಳಿಯ ಗುಳ್ಳೆಯಾಗಿ ಉಳಿಯುತ್ತದೆ. ಬಾಯಿ ತೆರೆದಿದ್ದರೆ ಕರಿಮೊಡವೆಯಾಗುತ್ತದೆ.

ಇದು ಕಪ್ಪಾಗುವುದು ಧೂಳಿನಿಂದ ಎಂದು ಬಹುಜನರು ನಂಬಿದ್ದಾರೆ. ಅದು ಸರಿಯಲ್ಲ. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವುದನ್ನು ವಾಚಕರು ಅಡಿಗೆಮನೆಯಲ್ಲಿ ನೋಡಿರಬಹುದು. ಬಿರಡೆಯ ತುದಿಯಲ್ಲಿರುವ ಕೊಬ್ಬಿಗೂ ಹೀಗೆಯೇ ಗಾಳಿಯ ಆಮ್ಲಜನಕ ತಗಲುತ್ತದೆ. ನಮ್ಮ ಕೂದಲಿಗೂ ಮೈಗೂ ಬಣ್ಣ ಕೊಡುವ ಮೆಲನಿನ್ ಎಂಬ ವರ್ಣದ್ರವ್ಯವೂ ಅಲ್ಲಿ ಸೇರಿರುತ್ತದೆ. ಆದುದರಿಂದ ಕರಿಮೊಡವೆ ಕೊಳಕುತನದ ಗುರುತಲ್ಲ. ಉಜ್ಜಿ ಉಜ್ಜಿ ತೊಳೆದರೆ ಅದು ಹೋಗುವುದೂ ಇಲ್ಲ. ವೈದ್ಯರು ಇದನ್ನು ‘ಕಾಮೆಡೋ’ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಹೊಟ್ಟೆಬಾಕ ಎಂದರ್ಥ. ಹಿಸುಕಿದಾಗ ಹೊರಬರುವ ಎಳೆಯನ್ನು ಕಂಡು, ಮೈಯನ್ನು ತಿನ್ನುವ ಹುಳುವೆಂದು ಹಿಂದಿನವರು ಭ್ರಮಿಸಿದ್ದರು!

ಇನ್ನೊಂದು ಭ್ರಮೆ ಇಂದಿಗೂ ಉಳಿದಿದೆ. ಮೂಗಿನ ಮೇಲೆ ಒಂದೇ ಗಾತ್ರದಲ್ಲಿ, ಸಾಲುಸಾಲಾಗಿ, ಬೂದುಬಣ್ಣದಲ್ಲಿ ಕಾಣುವ ಚುಕ್ಕೆಗಳಲ್ಲಿ ಹೆಚ್ಚಿನವು ಕರಿಮೊಡವೆಗಳೇ ಅಲ್ಲ. ಜಿಡ್ಡು ಹೊರಬರುವ ಸಹಜವಾದ ಎಳೆಗಳು ಅವು. ಅಂಟುಪಟ್ಟಿ ಹಚ್ಚಿ ಕಿತ್ತರೆ ಪಟ್ಟಿಯ ತುಂಬ ಮುಳ್ಳಿನಂತೆ ಎದ್ದು ನಿಂತು ಕಣ್ಣಿಗೆ ಹಬ್ಬವಾಗುತ್ತವೆ; ತಿಂಗಳೊಳಗಾಗಿ ಮತ್ತೆ ತುಂಬಿಕೊಳ್ಳುತ್ತವೆ. ಅವನ್ನು ತೆಗೆಯಬೇಕಾದ ಅವಶ್ಯಕತೆಯೇ ಇಲ್ಲ.

ಪೀಣ್ಯದ ಎಣ್ಣೆಯ ವಿಷಯಕ್ಕೆ ಬರೋಣ. ಲೋಹವನ್ನು ಕೊರೆಯುವಾಗ ತಂಪಿಗೆಂದು ಸುರಿಯುವ ಎಣ್ಣೆ ರೋಮಕೂಪಗಳ ಬಾಯಿಯನ್ನು ಕಟ್ಟಿ ಮೊಡವೆ ಎಬ್ಬಿಸುತ್ತದೆಂಬುದು ವೈದ್ಯಶಾಸ್ತ್ರಕ್ಕೆ ಬಹುಕಾಲದಿಂದ ತಿಳಿದಿದೆ. ಇದರ ವಿಶೇಷವೆಂದರೆ ಮುಖಕ್ಕಿಂತ ಹೆಚ್ಚಾಗಿ ಮುಂಗೈಗಳ ಮೇಲೂ ತೊಡೆಗಳ ಮೇಲೂ, ಅಂದರೆ ಎಣ್ಣೆಯಲ್ಲಿ ನೆನೆದ ಬಟ್ಟೆ ಉಜ್ಜುವೆಡೆಗಳಲ್ಲಿ, ಕಾಣಿಸಿಕೊಳ್ಳುವುದು. ಐ.ಟಿ.ಐ. ಮುಗಿಸಿ ಕೆಲಸಕ್ಕೆ ಸೇರುವ ಹುಡುಗರು ಇದನ್ನು ಬರಿಯ ಪ್ರಾಯದ ಮೊಡವೆಯೆಂದು ತಿಳಿಯಬಾರದು. ಕೆಲಸದ ಬಟ್ಟೆಯನ್ನು ದಿನವೂ ಒಗೆಯುವುದು, ಎಣ್ಣೆಯ ಚಿಂದಿಯನ್ನು ಜೇಬಿನಲ್ಲಿಟ್ಟುಕೊಳ್ಳದಿರುವುದು, ಪಾಳಿ ಮುಗಿದೊಡನೆ ಸಾಬೂನಿನಿಂದ ಮೈತೊಳೆಯುವುದು: ಇವು ಯಾವ ಲೇಪಕ್ಕಿಂತಲೂ ಮೊದಲಿನ ಚಿಕಿತ್ಸೆ. ಕಾರ್ಖಾನೆಗೆ ಹೋಗದವರು ನಿಶ್ಚಿಂತರಾಗಿರಬೇಕಿಲ್ಲ. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿದು ಇದೇ ಕೆಲಸವನ್ನು ಮಾಡುತ್ತದೆ. ಕೂದಲಿಗೆ ಹಚ್ಚುವ ಜಿಡ್ಡಿನ ಲೇಪದಿಂದ ಹಣೆಯಲ್ಲಿ ಮೊಡವೆ ಏಳುವುದನ್ನು ಅಮೆರಿಕದ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಸಂಗಡಿಗರು ೧೯೭೦ರಲ್ಲಿ ವಿವರಿಸಿದರು. ಎಣ್ಣೆ ಬಿಡಲು ನಮ್ಮ ಅಜ್ಜಿಯರು ಒಪ್ಪಲಾರರು. ಹಚ್ಚಿ, ಒಂದೆರಡು ಗಂಟೆಗಳಲ್ಲಿ ತಲೆ ತೊಳೆದುಕೊಂಡರೆ ಇಬ್ಬರ ಮಾತೂ ನಡೆದಂತಾಗುತ್ತದೆ.

ಮನೆಯಲ್ಲಿ ಮಾಡಬೇಕಾದುದೇನು? ದಿನಕ್ಕೆ ಎರಡು ಬಾರಿ, ಬೆವರಿದಾಗ ಇನ್ನೊಮ್ಮೆ, ಸೌಮ್ಯವಾದ ಸಾಬೂನಿನಿಂದ ಮುಖ ತೊಳೆದರೆ ಸಾಕು. ಬೇವಿನ ಸಾರಕ್ಕೆ ಬ್ಯಾಕ್ಟೀರಿಯಗಳನ್ನು ತಡೆಯುವ ಗುಣವಿದೆಯೆಂಬುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಆದರೆ ನಿಮಿಷದೊಳಗೆ ತೊಳೆದುಹೋಗುವ ಯಾವ ನೊರೆಯೂ ಬಾವಿಯೊಳಗಿನ ಬಿರಡೆಯನ್ನು ಕರಗಿಸಲಾರದು. ಕರಗಿಸಬಲ್ಲುದು ಸ್ಯಾಲಿಸಿಲಿಕ್ ಆಮ್ಲ. ಇದು ಆಸ್ಪಿರಿನ್ನಿನ ಹತ್ತಿರದ ನೆಂಟ. ಕಾಲಿನ ಆಣಿಗೆ ಹಚ್ಚುವ ಮದ್ದೂ ಇದೇ. ಜಿಡ್ಡಿನಲ್ಲಿ ಬೆರೆಯುವ ಸ್ವಭಾವವಿರುವುದರಿಂದ ರೋಮಕೂಪದೊಳಕ್ಕೆ ಇಳಿದು ಅಂಟಿದ ಕೋಶಗಳನ್ನು ಬಿಡಿಸುತ್ತದೆ. ಮುಖಕ್ಕೆ ಶೇಕಡ ೨ಕ್ಕಿಂತ ಹೆಚ್ಚಿನದು ಬೇಡ; ಆಣಿಯ ಮದ್ದಿನಲ್ಲಿ ಇದು ಹಲವು ಪಟ್ಟು ತೀಕ್ಷ್ಣವಾಗಿರುವುದರಿಂದ ಅದನ್ನು ಮುಖದ ಹತ್ತಿರಕ್ಕೂ ತರಕೂಡದು. ಆಸ್ಪಿರಿನ್ ಒಗ್ಗದವರು ವೈದ್ಯರನ್ನು ಕೇಳಿಯೇ ಬಳಸಬೇಕು. ಮೊದಲು ಎರಡು ದಿನಕ್ಕೊಮ್ಮೆ ಹಚ್ಚಿ ನೋಡಿ, ಚರ್ಮ ಉರಿಯದಿದ್ದರೆ ಮುಂದುವರಿಸಬಹುದು. ಇದರಿಂದ ಬಗ್ಗದಿದ್ದರೆ ಅಡಾಪಲೀನ್ ಮೊದಲಾದ ಎ ಜೀವಸತ್ತ್ವದ ವರ್ಗದ ಲೇಪಗಳನ್ನು ವೈದ್ಯರು ಬರೆದುಕೊಡುತ್ತಾರೆ. ಗರ್ಭಿಣಿಯರಿಗೆ ಅವು ನಿಷಿದ್ಧ. ಫಲ ಕಾಣಲು ಆರರಿಂದ ಹನ್ನೆರಡು ವಾರಗಳು ಬೇಕು. ಎರಡನೆಯ ವಾರಕ್ಕೇ ಬೇಸತ್ತು ನಿಂಬೆಯ ರಸಕ್ಕೋ ಅಡಿಗೆಸೋಡಕ್ಕೋ ಟೂತ್‌ಪೇಸ್ಟಿಗೋ ಕೈಹಾಕುವವರು ಬಹಳ. ನಿಂಬೆ ಅತಿ ಆಮ್ಲ, ಸೋಡ ಕ್ಷಾರ. ಎರಡೂ ಚರ್ಮದ ಹೊರಪದರವನ್ನು ಕೆಣಕುತ್ತವೆ.

ತೆಗೆಯಲೇಬೇಕೆಂಬ ಹಟವಿದ್ದರೆ ಉಗುರಿನಿಂದ ಮಾತ್ರ ಬೇಡ. ತಾರುಣ್ಯದಲ್ಲಿ ನಾವೂ ಪರೀಕ್ಷೆಯ ಹಿಂದಿನ ರಾತ್ರಿ ಕನ್ನಡಿಯ ಮುಂದೆ ಮೂಗನ್ನು ಹಿಸುಕಿದೆವು. ಬೆಳಗಾಗುವ ಹೊತ್ತಿಗೆ ಅದು ಬಾವು ಬಂದು ಕೆಂಪಾಗಿತ್ತು, ಅದರ ಕಲೆ ಮುಂದಿನ ಪರೀಕ್ಷೆಯವರೆಗೂ ಉಳಿಯಿತು. ಒತ್ತಿದಾಗ ಬಿರಡೆಯ ಅರ್ಧಭಾಗ ಹೊರಬಂದರೆ ಇನ್ನರ್ಧ ರೋಮಕೂಪದ ಗೋಡೆಯನ್ನು ಒಡೆದು ಒಳಗೇ ಚೆಲ್ಲುತ್ತದೆ. ಅದುವರೆಗೆ ನೋವಿಲ್ಲದ ಚುಕ್ಕೆ ಕೀವಿನ ಮೊಡವೆಯಾಗುತ್ತದೆ. ನಮ್ಮಂಥ ಕಂದುಬಣ್ಣದ ಚರ್ಮದಲ್ಲಿ ಉರಿಯೂತ ಕಳೆದ ಮೇಲೂ ಕಪ್ಪುಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಮೂಗು ಮತ್ತು ಮೇಲ್ದುಟಿಯ ಸುತ್ತಲ ರಕ್ತನಾಳಗಳಿಗೆ ಮಿದುಳಿನ ಬುಡದ ನಾಳಗಳೊಡನೆ ಸಂಪರ್ಕವಿರುವುದರಿಂದ ಅಲ್ಲಿ ಸೋಂಕು ಒಳಗೇರುವ ಅಪಾಯವೂ ಉಂಟು. ಅದು ಅಪರೂಪ, ಆದರೆ ಘೋರವಾದುದು.

ಸರಿಯಾದ ಕ್ರಮ ಹೀಗಿದೆ. ಬಿಸಿನೀರಿನ ಸ್ನಾನದ ನಂತರ ಜಿಡ್ಡು ಮೆತ್ತಗಾಗಿರುತ್ತದೆ. (ಹಬೆಯಿಂದ ರಂಧ್ರ ತೆರೆಯುತ್ತದೆಂಬುದು ಬರಿಯ ಮಾತು, ಬಾಗಿಲಿನಂತೆ ತೆರೆದು ಮುಚ್ಚಲು ಅಲ್ಲಿ ಸ್ನಾಯುಗಳಿಲ್ಲ.) ತುದಿಯಲ್ಲಿ ಸಣ್ಣ ಬಳೆಯಿರುವ ಸಲಾಕೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಕೈತೊಳೆದು, ಚುಕ್ಕೆಯು ಬಳೆಯ ನಡುವೆ ಬರುವಂತೆ ಇಟ್ಟು ಹಗುರವಾಗಿ ಒತ್ತಬೇಕು. ಒಂದೆರಡು ಸಲಕ್ಕೆ ಬಾರದಿದ್ದರೆ ಬಿಟ್ಟುಬಿಡಬೇಕು. ಬಿಳಿಯ ಗುಳ್ಳೆಗಳನ್ನೂ ಕೆಂಪಾದ, ಕೀವು ತುಂಬಿದ ಮೊಡವೆಗಳನ್ನೂ ಮುಟ್ಟಲೇಬಾರದು. ಅವು ಚರ್ಮವೈದ್ಯರ ಪಾಲಿಗೆ.

ಇವೆಲ್ಲಕ್ಕಿಂತ ನಮ್ಮನ್ನು ಕಳವಳಗೊಳಿಸುವುದು ಬೇರೊಂದು. ಗೆಳೆಯರ ಮಾತಿನ ಮೇಲೆ, ಅಂಗಡಿಯವರ ಸಲಹೆಯ ಮೇಲೆ, ‘ಒಂದು ವಾರದಲ್ಲಿ ಮುಖ ಬೆಳ್ಳಗಾಗುತ್ತದೆ’ ಎಂಬ ಲೇಪಗಳನ್ನು ತಂದು ಹಚ್ಚುವ ವಿದ್ಯಾರ್ಥಿಗಳಿದ್ದಾರೆ. ಅವುಗಳಲ್ಲಿ ಅನೇಕ ವೇಳೆ ಸ್ಟಿರಾಯ್ಡ್ ಇರುತ್ತದೆ. ಮೊದಲು ಕೆಂಪು ಇಳಿದು ಮುಖ ನುಣುಪಾದಂತೆ ಕಾಣುತ್ತದೆ. ಕೆಲವು ತಿಂಗಳಲ್ಲಿ ಚರ್ಮ ತೆಳ್ಳಗಾಗಿ ನರಗಳು ಮೂಡುತ್ತವೆ, ಹೊಸ ಮೊಡವೆಗಳು ಏಳುತ್ತವೆ. ಭಾರತದ ಚರ್ಮವೈದ್ಯರ ಸಂಘವು ಇದರ ವಿರುದ್ಧ ಕಾರ್ಯಪಡೆಯನ್ನೇ ರಚಿಸಿತು; ೨೦೧೮ರಲ್ಲಿ ಕೇಂದ್ರ ಸರಕಾರವು ಇಂಥ ಅನೇಕ ಸ್ಟಿರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ಕೊಳವೆಯ ಮೇಲಿನ ಸಣ್ಣ ಅಕ್ಷರಗಳಲ್ಲಿ ಬೀಟಾಮೆಥಸೋನ್, ಕ್ಲೋಬೆಟಾಸೋಲ್, ಮೊಮೆಟಸೋನ್ ಎಂಬ ಹೆಸರುಗಳಿವೆಯೇ ಎಂದು ವಾಚಕರು ಈ ರಾತ್ರಿಯೇ ನೋಡಲಿ. ತಿಂಗಳುಗಟ್ಟಲೆ ಹಚ್ಚಿದವರು ಒಮ್ಮೆಗೇ ನಿಲ್ಲಿಸಿದರೆ ಮುಖ ಉರಿದು ಕೆಂಪೇರುವುದುಂಟು. ಅಂಥವರು ಆ ಕೊಳವೆಯನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಬಳಿಗೆ ಹೋಗಬೇಕು.