ಲ್ಯಾಟಿನೊ ಮಹಿಳೆಯರ ಕ್ಯಾನ್ಸರ್ ತಪಾಸಣೆ: ಭಾಷೆ, ಸಂಕೋಚ ಮತ್ತು ಸೌಲಭ್ಯಗಳು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿರುವ ಮೆಕ್ಸಿಕೊ, ಮಧ್ಯ ಅಮೆರಿಕ, ಕ್ಯೂಬಾ ಮುಂತಾದ ಪ್ರದೇಶಗಳ ಮೂಲದ ಲ್ಯಾಟಿನೊ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಅಲ್ಲಿನ ಬಿಳಿಯ ಮಹಿಳೆಯರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಕಂಡುಬರುತ್ತದೆ. ಎಚ್.ಪಿ.ವಿ. ವೈರಾಣುವಿನ ದೀರ್ಘಕಾಲದ ಸೋಂಕಿನಿಂದ ಅನೇಕ ವರ್ಷಗಳಲ್ಲಿ ನಿಧಾನವಾಗಿ ಬೆಳೆಯುವ ಈ ಕಾಯಿಲೆಯನ್ನು ಸಕಾಲಿಕ ತಪಾಸಣೆಯಿಂದ ಬಹುಮಟ್ಟಿಗೆ ತಡೆಗಟ್ಟಬಹುದಾಗಿದೆ. ಹೀಗಿದ್ದರೂ ಅನೇಕರು ತಪಾಸಣೆಗೆ ಬಾರದಿರಲು ಕಾರಣಗಳೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

'ಬಂದದ್ದೆಲ್ಲ ವಿಧಿಲಿಖಿತ' ಎಂಬ ಮನೋಭಾವವೇ ಕಾರಣವೆಂದು ಹೇಳುವುದು ವಾಡಿಕೆ. ಸ್ಪ್ಯಾನಿಷ್ ಭಾಷೆಯಲ್ಲಿ ಇದಕ್ಕೆ 'ಫ್ಯಾಟಲಿಸ್ಮೊ' ಎಂದು ಹೆಸರು. ಆದರೆ ಆರೋಗ್ಯ ವಿಮೆ ಇಲ್ಲದಿರುವುದು, ದಿನದ ಕೂಲಿ ತಪ್ಪುವುದು, ಖಾಯಂ ವೈದ್ಯರಿಲ್ಲದಿರುವುದು ಇವನ್ನು ಬದಿಗಿರಿಸಿ ದೋಷವನ್ನು ಸಂಸ್ಕೃತಿಯ ಮೇಲೆ ಹೊರಿಸುವುದು ನ್ಯಾಯಸಮ್ಮತವಲ್ಲ. ನಂಬಿಕೆಗಳಿಗೂ ಪಾತ್ರವಿರುವುದು ನಿಜ. ಮಾನವಶಾಸ್ತ್ರಜ್ಞ ಲಿಯೊ ಚಾವೆಜ್ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ನಡೆಸಿದ ಅಧ್ಯಯನದಲ್ಲಿ, ಎದೆಗೆ ಬಿದ್ದ ಪೆಟ್ಟಿನಿಂದ ಸ್ತನ ಕ್ಯಾನ್ಸರ್ ಬರುತ್ತದೆಂದು ವಲಸಿಗ ಮಹಿಳೆಯರು ಹೇಳಿದ್ದು ದಾಖಲಾಗಿದೆ. ಹೀಗೆ ನಂಬಿದವರಿಗೆ, ಪೆಟ್ಟೇ ಬೀಳದಿದ್ದರೆ ಮ್ಯಾಮೊಗ್ರಾಂ ಏಕೆ ಬೇಕು ಎನಿಸುವುದು ಸಹಜ.

ಎಲ್ಲಕ್ಕಿಂತ ಸೂಕ್ಷ್ಮವಾದುದು ದುಭಾಷಿಯ ವಿಷಯ. ಇಂಗ್ಲಿಷ್ ಬಾರದ ತಾಯಂದಿರು ಶಾಲೆಗೆ ಹೋಗುವ ಮಗ ಅಥವಾ ಮಗಳನ್ನು ಕರೆದುಕೊಂಡು ಬರುವುದುಂಟು. ರಕ್ತಸ್ರಾವ, ದಾಂಪತ್ಯ ಇತ್ಯಾದಿ ಕುರಿತ ಪ್ರಶ್ನೆಗಳಿಗೆ ಮಗುವಿನ ಎದುರು ಯಾವ ತಾಯಿ ಉತ್ತರಿಸಿಯಾಳು? ಅವಳು 'ಏನೂ ತೊಂದರೆಯಿಲ್ಲ' ಎನ್ನುತ್ತಾಳೆ; ಕಡತದಲ್ಲಿಯೂ ಹಾಗೆಯೇ ನಮೂದಾಗುತ್ತದೆ. ಕೇಂದ್ರ ಸರ್ಕಾರದ ಅನುದಾನ ಪಡೆಯುವ ಆಸ್ಪತ್ರೆಗಳು 1964ರ ನಾಗರಿಕ ಹಕ್ಕುಗಳ ಕಾಯ್ದೆ ಹಾಗೂ 2010ರ ಆರೋಗ್ಯ ಸೇವಾ ಕಾಯ್ದೆಯ ಮೇರೆಗೆ ಭಾಷಾ ನೆರವನ್ನು ಉಚಿತವಾಗಿ ಒದಗಿಸತಕ್ಕದ್ದು. ದುಭಾಷಿಯನ್ನು ನೀವೇ ಕರೆತನ್ನಿ ಎಂದು ರೋಗಿಗೆ ಸೂಚಿಸುವಂತಿಲ್ಲ. ಈ ಹಕ್ಕು ಸ್ಪ್ಯಾನಿಷ್ ಭಾಷೆಗೆ ಮಾತ್ರ ಸೀಮಿತವಲ್ಲ. ಅಲ್ಲಿ ಮಕ್ಕಳೊಂದಿಗೆ ವಾಸಿಸುತ್ತಿರುವ, ಇಂಗ್ಲಿಷ್ ಬಾರದ ಕನ್ನಡಿಗ ತಾಯಂದಿರಿಗೂ ಅನ್ವಯಿಸುತ್ತದೆ.

'ಪ್ರೊಮೊತೋರಾ' ಎಂದು ಕರೆಯಲಾಗುವ ಸಮುದಾಯ ಆರೋಗ್ಯ ಕಾರ್ಯಕರ್ತೆಯರು ಅದೇ ಸಮುದಾಯಕ್ಕೆ ಸೇರಿದವರಾಗಿದ್ದು, ಮನೆಗಳಿಗೆ ತೆರಳಿ ಸ್ವಭಾಷೆಯಲ್ಲಿ ವಿವರಿಸುತ್ತಾರೆ. ರೋಗ ನಿಯಂತ್ರಣ ಕೇಂದ್ರದ ನೆರವಿನಿಂದ ರೂಪುಗೊಂಡ 'ಅಮಿಗಾಸ್' ಕಾರ್ಯಕ್ರಮವು ಈ ವಿಧಾನವನ್ನೇ ಅವಲಂಬಿಸಿದೆ. ಹೆಸರಿನ ಅರ್ಥ 'ಗೆಳತಿಯರು'.

ಕಡಿಮೆ ಆದಾಯದ, ವಿಮೆ ಇಲ್ಲದ ಅಥವಾ ಸಾಕಷ್ಟು ವಿಮೆ ಇಲ್ಲದ ಮಹಿಳೆಯರಿಗಾಗಿ 1990ರ ಕಾಯ್ದೆಯ ಮೇರೆಗೆ ರಾಷ್ಟ್ರೀಯ ಸ್ತನ ಮತ್ತು ಗರ್ಭಕಂಠ ಕ್ಯಾನ್ಸರ್ ಪೂರ್ವಪತ್ತೆ ಕಾರ್ಯಕ್ರಮವನ್ನು ಜಾರಿಗೊಳಿಸಲಾಯಿತು. ಸಾಮಾನ್ಯವಾಗಿ 40ರಿಂದ 64 ವರ್ಷದವರು ಸ್ತನ ತಪಾಸಣೆಗೂ, 21ರಿಂದ 64 ವರ್ಷದವರು ಗರ್ಭಕಂಠ ತಪಾಸಣೆಗೂ ಅರ್ಹರು. ಹೀಗೆ ಪತ್ತೆಯಾದ ಕ್ಯಾನ್ಸರಿನ ಚಿಕಿತ್ಸೆಯನ್ನು ಮೆಡಿಕೇಯ್ಡ್ ಮೂಲಕ ಭರಿಸಲು ರಾಜ್ಯಗಳಿಗೆ 2000ದ ಕಾಯ್ದೆಯು ಅವಕಾಶ ಕಲ್ಪಿಸಿತು. ಅದಕ್ಕೆ ಪೌರತ್ವ ಹಾಗೂ ವಲಸೆ ಸಂಬಂಧಿತ ಷರತ್ತುಗಳಿರುವುದನ್ನು ಗಮನಿಸಬೇಕು.

ಪರೀಕ್ಷೆಗೆ ಸಂಕೋಚಪಡುವವರು ಎಚ್.ಪಿ.ವಿ. ಮಾದರಿಯನ್ನು ತಾವೇ ಸಂಗ್ರಹಿಸಿ ನೀಡುವ ವಿಧಾನಕ್ಕೆ 2024ರಲ್ಲಿ ಚಿಕಿತ್ಸಾಲಯಗಳ ಮಟ್ಟಿಗೆ, 2025ರಲ್ಲಿ ಮನೆಯಲ್ಲಿ ಬಳಸುವ ಸಾಧನಕ್ಕೆ ಅನುಮತಿ ದೊರೆತಿದೆ. ಸೋಂಕು ಕಂಡುಬಂದಲ್ಲಿ ವೈದ್ಯರ ಮುಂದಿನ ಪರೀಕ್ಷೆ ಅಗತ್ಯ. ದುಭಾಷಿ ಹಾಗೂ ಮಹಿಳಾ ವೈದ್ಯರು ಬೇಕಿದ್ದಲ್ಲಿ ಭೇಟಿಯ ಸಮಯ ನಿಗದಿಪಡಿಸುವಾಗಲೇ ತಿಳಿಸುವುದು.