ಎರಡು ಸಾವಿರ ಅಡಿ

ಟೆಂಟ್ ಸಿನಿಮಾದ ಹಿಂಬದಿ ಬಿದ್ದಿರುತ್ತಿದ್ದ ತುಂಡು ಫಿಲ್ಮಿಗಾಗಿ ಹೊಡೆದಾಡಿದವರಿಗೆ ಒಂದು ಅಳತೆ ಗೊತ್ತಿರುತ್ತದೆ. ಗೇಣುದ್ದದ ತುಂಡಿನಲ್ಲಿ ಹನ್ನೆರಡು ಚಿತ್ರ. ಹನ್ನೆರಡರಲ್ಲೂ ರಾಜಕುಮಾರ್ ಒಂದೇ ಭಂಗಿಯಲ್ಲಿ ನಿಂತಂತೆ ಕಾಣುತ್ತಾರೆ. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರೆ ಮಾತ್ರ, ಎತ್ತಿದ ಕೈ ಪ್ರತಿ ಚಿತ್ರದಲ್ಲೂ ಕೂದಲೆಳೆಯಷ್ಟು ಮೇಲೆ ಹೋಗಿರುವುದು ತಿಳಿಯುತ್ತದೆ. ಸುಟ್ಟುಹೋದ ಬಲ್ಬಿಗೆ ನೀರು ತುಂಬಿ, ಕನ್ನಡಿಯಲ್ಲಿ ಬಿಸಿಲು ಹಾಯಿಸಿ, ಕತ್ತಲೆ ಕೋಣೆಯ ಗೋಡೆಯ ಮೇಲೆ ಪಿಚ್ಚರ್ ಬಿಡುತ್ತಿದ್ದ ನಮಗೆ ಆ ತುಂಡುಗಳೇ ಆಸ್ತಿ. ಆಸ್ತಿಯಲ್ಲೂ ಮೇಲು ಕೀಳಿತ್ತು. ರಾಜಕುಮಾರ್ ಇರುವ ತುಂಡಿಗೆ ನಾಲ್ಕು ಗೋಲಿ. ಅಣೆಕಟ್ಟು, ಟ್ರ್ಯಾಕ್ಟರು, ಗೋಧಿ ಹೊಲ ಇರುವ ಕಪ್ಪು-ಬಿಳುಪು ತುಂಡಿಗೆ ಒಂದು ಗೋಲಿಯೂ ಹುಟ್ಟುತ್ತಿರಲಿಲ್ಲ. ಅದು ಸರ್ಕಾರದ್ದು.

ಗೋಲಿ ಹುಟ್ಟದ ಆ ತುಂಡಿನ ಲೆಕ್ಕ ಹಾಕಲು ಈಚೆಗೆ ಕುಳಿತೆ. ತಲೆ ತಿರುಗಿತು.

35 ಎಂ.ಎಂ. ಫಿಲ್ಮಿನ ಒಂದಡಿಗೆ 16 ಚಿತ್ರ. ಪರದೆಯ ಮೇಲೆ ಸೆಕೆಂಡಿಗೆ 24 ಓಡಬೇಕು, ಅಂದರೆ ನಿಮಿಷಕ್ಕೆ 90 ಅಡಿ. ಎರಡನೇ ಮಹಾಯುದ್ಧ ನಡೆಯುತ್ತಿದ್ದ 1943ರಲ್ಲಿ ಬ್ರಿಟಿಷ್ ಸರ್ಕಾರ, ಪ್ರತಿ ಆಟದ ಜೊತೆ ತಾನು ಒಪ್ಪಿದ ಚಿತ್ರವನ್ನೂ ತೋರಿಸಲೇಬೇಕು ಎಂದು ದೇಶದ ಚಿತ್ರಮಂದಿರಗಳಿಗೆ ಆಜ್ಞೆ ಮಾಡಿತು. ಆಜ್ಞೆಯಲ್ಲಿದ್ದ ಅಳತೆ ಎರಡು ಸಾವಿರ ಅಡಿ. ಭಾಗಿಸಿ ನೋಡಿ: 22 ನಿಮಿಷ 13 ಸೆಕೆಂಡ್, 32,000 ಚಿತ್ರ. ಯುದ್ಧ ಮುಗಿದು ಆಜ್ಞೆಯೂ ಮುಗಿಯಿತು. ಸ್ವಾತಂತ್ರ್ಯ ಬಂದ ಮೇಲೆ ನಮ್ಮದೇ ಸರ್ಕಾರ 1948ರಲ್ಲಿ ಮುಂಬಯಿಯಲ್ಲಿ ಫಿಲ್ಮ್ಸ್ ಡಿವಿಷನ್ ತೆರೆಯಿತು. ಪರರ ಸರ್ಕಾರದ ಕಾಲದ ಕಡ್ಡಾಯ ನಮ್ಮ ಸರ್ಕಾರಕ್ಕೂ ಹಿಡಿಸಿತು ಎನ್ನಬೇಕು, ಚಿತ್ರಮಂದಿರದ ಲೈಸೆನ್ಸಿನ ಷರತ್ತಾಗಿ ಅದು ವಾಪಸು ಬಂತು. ತೋರಿಸಬೇಕು, ತೋರಿಸಿದ್ದಕ್ಕೆ ಬಾಡಿಗೆಯನ್ನೂ ಕೊಡಬೇಕು. ಕೊನೆಕೊನೆಗೆ ಅದು ನಿವ್ವಳ ಗಳಿಕೆಯ ಶೇ. 1ರ ಲೆಕ್ಕದಲ್ಲಿತ್ತು. ಮಾಲೀಕರು ಸುಪ್ರೀಂ ಕೋರ್ಟಿನವರೆಗೆ ಹೋದರು. 1999ರಲ್ಲಿ ಕೋರ್ಟು ಕಡ್ಡಾಯವನ್ನು ಎತ್ತಿಹಿಡಿಯಿತು.

ಈ ಒಂದು ಷರತ್ತಿನಿಂದ ಎಷ್ಟು ಕಣ್ಣು ಸಿಕ್ಕಿರಬಹುದು? 1980ರ ದಶಕದಲ್ಲಿ ದೇಶದಲ್ಲಿದ್ದ ಚಿತ್ರಮಂದಿರಗಳು, ಟೂರಿಂಗ್ ಟಾಕೀಸು ಸೇರಿ, ಸುಮಾರು 12,000. ದಿನಕ್ಕೆ ಎರಡೇ ಆಟ, ಆಟಕ್ಕೆ ನೂರೇ ಜನ ಎಂದು ಹಿಡಿಯಿರಿ. ಹಾಗಿದ್ದರೂ ದಿನಕ್ಕೆ 24 ಲಕ್ಷ ಜನ, ವಾರಕ್ಕೆ 1 ಕೋಟಿ 68 ಲಕ್ಷ. ಆಟಕ್ಕೆ ನೂರು ಜನ ಎಂಬುದು ಗಾಂಧಿ ಕ್ಲಾಸಿನ ನೆಲದಲ್ಲಿ ಮೊಣಕಾಲು ಮಡಿಚಿ ಕೂತವರಿಗೆ ಮಾಡುವ ಅವಮಾನ. ಅಲ್ಲೊಂದರಲ್ಲೇ ಅಷ್ಟು ಜನ ಇರುತ್ತಿದ್ದರು. ಬೇರೆ ಯಾವ ನಿರ್ಮಾಪಕನಿಗೆ ಇಷ್ಟು ಪ್ರೇಕ್ಷಕರು, ಅದೂ ಪೋಸ್ಟರ್ ಅಂಟಿಸದೆ, ಸಿಕ್ಕಿದ್ದರು? ಅವರಲ್ಲಿ ಅರ್ಧಕ್ಕರ್ಧ ಆ ಹೊತ್ತಿನಲ್ಲಿ ಹೊರಗೆ ಬೀಡಿ ಸೇದುತ್ತಿದ್ದರು ಎನ್ನುವುದು ಬೇರೆ ಮಾತು. ಡಬ್ಬಗಳು ಊರಿಂದೂರಿಗೆ ಸುತ್ತಿ ನಮ್ಮ ಟೆಂಟಿಗೆ ಬರುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತಿದ್ದವು. ಪರದೆಯ ಮೇಲೆ ಪ್ರವಾಹ, ಹೊರಗೆ ಬೇಸಿಗೆ.

ಫಿಲ್ಮ್ಸ್ ಡಿವಿಷನ್ನಿನ ಉಗ್ರಾಣದಲ್ಲಿ ಉಳಿದಿದ್ದ ಚಿತ್ರಗಳು 8,000ಕ್ಕೂ ಹೆಚ್ಚು. ಕೆಲವು ಒಂದು ಗಂಟೆಯವು, ಕೆಲವು ಎರಡು ನಿಮಿಷದವು. ಸರಾಸರಿ ಹತ್ತೇ ನಿಮಿಷ ಎಂದು ಜಿಪುಣತನದಿಂದ ಎಣಿಸಿದರೂ 1,333 ಗಂಟೆ. ಊಟ ನಿದ್ದೆ ಬಿಟ್ಟು ನೋಡಿದರೆ ಐವತ್ತೈದು ಹಗಲು, ಐವತ್ತೈದು ರಾತ್ರಿ. ರೀಲು ಬಿಚ್ಚಿ ಉದ್ದಕ್ಕೆ ಹಾಸಿದರೆ 72 ಲಕ್ಷ ಅಡಿ, ಅಂದರೆ ಸುಮಾರು 2,190 ಕಿಲೋಮೀಟರು. ಬೆಂಗಳೂರಿನಲ್ಲಿ ಒಂದು ತುದಿ ಹಿಡಿದು ನಿಂತರೆ ಇನ್ನೊಂದು ತುದಿ ದೆಹಲಿ ತಲುಪುತ್ತದೆ. ಇದು ಪ್ರತಿ ಚಿತ್ರದ ಒಂದೇ ಪ್ರತಿಯ ಲೆಕ್ಕ. ಹತ್ತಾರು ಭಾಷೆಗಳಲ್ಲಿ ತೆಗೆದ ಪ್ರತಿಗಳನ್ನೆಲ್ಲ ಸೇರಿಸಹೊರಟರೆ ನನ್ನ ಕಾಗದ ಸಾಲದು.

ಇಷ್ಟುದ್ದದ ರಾಶಿಯಲ್ಲಿ ಎಲ್ಲವೂ ಟ್ರ್ಯಾಕ್ಟರಲ್ಲ. ಸತ್ಯಜಿತ್ ರೇ ಅವರ ರವೀಂದ್ರನಾಥ ಠಾಕೂರರ ಚಿತ್ರ (1961), ಬರ್ಲಿನ್ನಿನಲ್ಲಿ ಚಿನ್ನದ ಕರಡಿ ಗೆದ್ದ ಎಂ.ಎಫ್. ಹುಸೇನರ ಚಿತ್ರ (1967), ಗಿರೀಶ ಕಾರ್ನಾಡರು 1972ರಲ್ಲಿ ಬೇಂದ್ರೆಯವರ ಬಗ್ಗೆ ಮಾಡಿದ ಚಿತ್ರ, ಎಲ್ಲ ಇಲ್ಲಿಯವೇ. ದೂರದರ್ಶನದಲ್ಲಿ ಬಾಲ್ಯ ಕಳೆದವರೆಲ್ಲ ನೋಡಿರುವ 'ಏಕ್ ಅನೇಕ್ ಔರ್ ಏಕತಾ' ಕೂಡ ಇಲ್ಲಿಯದೇ, 1974ರದ್ದು. ಹಕ್ಕಿಗಳೆಲ್ಲ ಸೇರಿ ಬಲೆಯನ್ನೇ ಹೊತ್ತುಕೊಂಡು ಹಾರುವ ಆ ಕಥೆ ಸುಮಾರು ಏಳು ನಿಮಿಷ. ಏಳು ನಿಮಿಷಕ್ಕೆ 10,080 ಚಿತ್ರ ಓಡಬೇಕು. ಒಂದು ರೇಖಾಚಿತ್ರವನ್ನು ಎರಡೆರಡು ಸಲ ಕ್ಯಾಮೆರಾದಡಿ ಹಿಡಿಯುವುದು ಕಾರ್ಟೂನಿನವರ ರೂಢಿ. ಹಾಗೆ ಮಾಡಿದರೂ ರೆಕ್ಕೆಯ ಪ್ರತಿ ಬಡಿತ ಹಿಡಿಯಲು ಐದು ಸಾವಿರ ಹಾಳೆ ಬೇಕು. ಮಗು ಅಷ್ಟು ಹೊತ್ತಿನಲ್ಲಿ ಒಂದು ಲೋಟ ಹಾಲು ಕುಡಿದು ಮುಗಿಸುವುದಿಲ್ಲ.

ಅದರ ನಿರ್ದೇಶಕಿ ವಿಜಯಾ ಮುಳೆ. ಮರುವರ್ಷವೇ ಈ ಏಳು ನಿಮಿಷವನ್ನು ಚಿಕ್ಕದೆನಿಸುವ ಕೆಲಸವೊಂದು ಶುರುವಾಯಿತು, ಅದರ ಮಕ್ಕಳ ಕಾರ್ಯಕ್ರಮಗಳಲ್ಲಿ ಅವರ ಪಾತ್ರವೂ ಇತ್ತು. ಉಪಗ್ರಹದಿಂದ ಹಳ್ಳಿಗಳಿಗೆ ಟಿ.ವಿ. ಪಾಠ ಕಳಿಸುವ ಆ ಪ್ರಯೋಗದ ಹೆಸರು ಸೈಟ್. ಕನ್ನಡಿಗನಿಗೆ ಸೈಟ್ ಎಂದರೆ ಮೂವತ್ತು-ನಲವತ್ತರ ನಿವೇಶನ. ಈ ಸೈಟ್ ಇದ್ದದ್ದು ನೆಲದಿಂದ 35,800 ಕಿಲೋಮೀಟರು ಮೇಲೆ. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಪೂರ್ವಕ್ಕೆ ಸರಿಸಿ, ಒಂದು ವರ್ಷದ ಮಟ್ಟಿಗೆ ದಿನಕ್ಕೆ ನಾಲ್ಕು ಗಂಟೆ ಭಾರತಕ್ಕೆ ಬಿಟ್ಟುಕೊಟ್ಟಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಆರು ರಾಜ್ಯಗಳ ಇಪ್ಪತ್ತು ಜಿಲ್ಲೆಗಳ ಸುಮಾರು 2,400 ಹಳ್ಳಿಗಳಿಗೆ ಪಾಠ ಆಕಾಶದಿಂದ ಇಳಿಯಿತು. ಆಗ ದೇಶದಲ್ಲಿ ಜನವಸತಿ ಇದ್ದ ಹಳ್ಳಿಗಳು ಸುಮಾರು ಐದೂಮುಕ್ಕಾಲು ಲಕ್ಷ. 240 ಹಳ್ಳಿಗೆ ಒಂದು ಟಿ.ವಿ. ಕರ್ನಾಟಕದಲ್ಲಿ ಅದು ಹೋದದ್ದು ರಾಜಧಾನಿಗಲ್ಲ, ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಿಗೆ.

ಮೇಲೆ ಉಪಗ್ರಹ ತನ್ನ ಮೂವತ್ತಡಿಯ ಛತ್ರಿ ಬಿಚ್ಚಿಕೊಂಡಿತ್ತು. ಕೆಳಗೆ ಹಳ್ಳಿಯಲ್ಲಿ ಕೋಳಿಗೂಡಿಗೆ ಬಡಿಯುವ ತಂತಿ ಜಾಲರಿಯಲ್ಲಿ ಮಾಡಿದ ಹತ್ತಡಿಯ ಛತ್ರಿ. ಕನ್ನಡದ ಕಾರ್ಯಕ್ರಮ ತಯಾರಾಗುತ್ತಿದ್ದುದು ಆಕಾಶವಾಣಿಯ ಹೈದರಾಬಾದ್ ಕೇಂದ್ರದಲ್ಲಿ. ಅಲ್ಲಿಂದ ರಾಯಚೂರು ಸೀಮೆ ಇನ್ನೂರು ಕಿಲೋಮೀಟರಿನ ಆಸುಪಾಸು, ಬಸ್ಸು ಹತ್ತಿದರೆ ಅರ್ಧ ದಿನ. ಆದರೆ ಪಾಠ ಬಸ್ಸು ಹತ್ತಲಿಲ್ಲ. ಅಹಮದಾಬಾದ್ ಅಥವಾ ದೆಹಲಿಯ ಭೂಕೇಂದ್ರಕ್ಕೆ ಹೋಗಿ, ಅಲ್ಲಿಂದ ಆಕಾಶಕ್ಕೆ ಏರಿ, 72,000 ಕಿಲೋಮೀಟರು ಹತ್ತಿಳಿದು, ಕಾಲು ಸೆಕೆಂಡಿನಲ್ಲಿ ಆ ಜಾಲರಿಯೊಳಗೆ ಬೀಳುತ್ತಿತ್ತು. ಚಿತ್ರ ಒಂದೇ, ಧ್ವನಿ ಎರಡು: ತೆಲುಗಿನವರಿಗೆ ತೆಲುಗು, ನಮ್ಮವರಿಗೆ ಕನ್ನಡ.

ಒಂದು ವರ್ಷಕ್ಕಾಗಿ ಆಕಾಶವಾಣಿ ತಯಾರಿಸಿದ್ದು ಸುಮಾರು 1,320 ಗಂಟೆಗಳ ಕಾರ್ಯಕ್ರಮ. ಎರಡೂವರೆ ಗಂಟೆಯ 528 ಸಿನಿಮಾ ಎಂದುಕೊಳ್ಳಿ. ಮೇಲೆ ನಾನು ಹಾಕಿದ ಫಿಲ್ಮ್ಸ್ ಡಿವಿಷನ್ನಿನ ಜಿಪುಣ ಲೆಕ್ಕ 1,333 ಗಂಟೆ. ಹೆಚ್ಚುಕಡಿಮೆ ಅಷ್ಟನ್ನು ಇವರು ಹನ್ನೆರಡು ತಿಂಗಳ ಪ್ರಸಾರಕ್ಕೆ ಒಟ್ಟು ಮಾಡಿದ್ದರು. ಸಂಜೆ ದೊಡ್ಡವರಿಗೆ ಬಿತ್ತನೆ, ಗೊಬ್ಬರ, ಆರೋಗ್ಯ, ಸುದ್ದಿ, ಹಾಡು. ಬೆಳಗ್ಗೆ ಒಂದೂವರೆ ಗಂಟೆ ಶಾಲೆ ಮಕ್ಕಳಿಗೆ.

ನಾನು ಹೆಚ್ಚು ಬೆರಗಾದದ್ದು ಮೇಷ್ಟ್ರುಗಳ ಲೆಕ್ಕಕ್ಕೆ. ರಜೆಯಲ್ಲಿ ಮಕ್ಕಳ ಬೆಂಚಿನ ಮೇಲೆ ಮೇಷ್ಟ್ರುಗಳನ್ನು ಕೂರಿಸಿ, ಟಿ.ವಿ., ರೇಡಿಯೋ, ಪುಸ್ತಕ ಮೂರನ್ನೂ ಜೊತೆ ಮಾಡಿ, ಹನ್ನೆರಡು ದಿನ ವಿಜ್ಞಾನ ಹೇಳಿಕೊಡುವ ತರಬೇತಿ ನಡೆಯಿತು. ಎರಡು ಸುತ್ತಿನಲ್ಲಿ ತರಬೇತಾದ ಪ್ರಾಥಮಿಕ ಶಾಲಾ ಶಿಕ್ಷಕರು ಸುಮಾರು 50,000. ಇದನ್ನೇ ಒಂದು ತರಬೇತಿ ಕಾಲೇಜು ನೂರು ನೂರು ಜನರ ತಂಡ ಕಟ್ಟಿ, ಭಾನುವಾರವೂ ಬಿಡದೆ ಮಾಡಿದ್ದರೆ 500 ತಂಡ, 6,000 ದಿನ, ಹದಿನಾರು ವರ್ಷಕ್ಕೂ ಹೆಚ್ಚು. ಮೊದಲ ತಂಡದಲ್ಲಿ ಕಲಿತ ಹಿರಿಯ ಮೇಷ್ಟ್ರುಗಳೆಲ್ಲ ಅಷ್ಟರಲ್ಲಿ ಪಿಂಚಣಿ ತಿನ್ನುತ್ತಿದ್ದರು.

ಇನ್ನು ಬೆಳಗಿನ ಆ ಒಂದೂವರೆ ಗಂಟೆ. ಅದನ್ನು ಹಿಂದಿ, ಒರಿಯಾ, ತೆಲುಗು, ಕನ್ನಡ ನಾಲ್ಕಕ್ಕೂ ಸಮನಾಗಿ ಹಂಚಿದ್ದರು. ಒಂದು ಭಾಷೆಗೆ ಇಪ್ಪತ್ತೆರಡೂವರೆ ನಿಮಿಷ. ಬಿಳಿಯ ದೊರೆ ಯುದ್ಧಕಾಲದಲ್ಲಿ ನಿಗದಿ ಮಾಡಿದ್ದ ಎರಡು ಸಾವಿರ ಅಡಿಗಿಂತ ಹದಿನೇಳೇ ಸೆಕೆಂಡು ಜಾಸ್ತಿ. ಯಾರೂ ಯೋಚಿಸಿ ಮಾಡಿದ್ದಲ್ಲ, ಲೆಕ್ಕ ಹಾಗೆ ಬಿತ್ತು ಅಷ್ಟೆ. ವ್ಯತ್ಯಾಸವೆಂದರೆ, ಈ ಇಪ್ಪತ್ತೆರಡು ನಿಮಿಷದ ಹಿಂದೆ ರಾಜಕುಮಾರ್ ಪಿಚ್ಚರ್ ಇರಲಿಲ್ಲ.

1976ರ ಜುಲೈ 31ಕ್ಕೆ ಗಡುವು ಮುಗಿಯಿತು, ಎಟಿಎಸ್-6 ಪಶ್ಚಿಮಕ್ಕೆ ಹೊರಟಿತು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲೆಯೇ ಟಿ.ವಿ. ಟ್ರಾನ್ಸ್‌ಮಿಟರ್ ನಿಂತಿತು. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ರಾಯಚೂರು ಜಿಲ್ಲೆಯ ಹಳ್ಳಿಯಲ್ಲಿ ಮೊದಲ ದಿನ ಆರು ವರ್ಷದವನಾಗಿ ಟಿ.ವಿ. ಮುಂದೆ ಕೂತಿದ್ದ ಹುಡುಗನಿಗೆ ಅಷ್ಟೊತ್ತಿಗೆ ಹನ್ನೆರಡಾಗಿತ್ತು.